ನಿಂತುಹೋದ ಫಿಲ್ಮ್ ಸ್ಕ್ಯಾನರುಗಳೂ ಬೆಳಗಾವಿ–ಖಾನಾಪುರ ಸೀಮೆಯ ಶಾಸನಚಿತ್ರಗಳೂ

ಸವದತ್ತಿಯ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜನು ಬೆಳಗಾವಿಯಲ್ಲಿ ಕಟ್ಟಿಸಿದ ರಟ್ಟಜಿನಾಲಯದ ದತ್ತಿಗಳನ್ನು ಹೇಳುವ ಶಿಲಾಶಾಸನಗಳು ಎರಡು ಇರುವವು. ಅವುಗಳ ಕಾಲವು ಶಕ 1127, ಅಂದರೆ ಕ್ರಿ. ಶ. 1204. ಆದರೆ ಆ ಶಿಲೆಗಳು ಬೆಳಗಾವಿಯಲ್ಲಿ ಇಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿರುವವು. ಬಾರ್ನೆಟ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಅವನ್ನು ಪ್ರಕಟಿಸಿದರು. ತನ್ನ ಊರಿನ ಶಾಸನವನ್ನು ಕಣ್ಣಾರೆ ಕಾಣಬೇಕೆನ್ನುವ ಬೆಳಗಾವಿಯ ಜಿಜ್ಞಾಸುವಿಗೆ ಪ್ರತಿಕೃತಿಯ ಹೊರತು ಬೇರೆ ಗತಿಯಿಲ್ಲ. ಮೂಲವು ದೂರವಾದಲ್ಲಿ ಪ್ರತಿಯೇ ಪ್ರಮಾಣವಾಗುವದು. ಪ್ರತಿಯನ್ನು ಓದುವ ಸಾಧನವು ಕೆಟ್ಟರೆ ಆ ಪ್ರಮಾಣವೂ ಮೂಕವಾಗುವದು.

ಖಾನಾಪುರ ತಾಲೂಕಿನ ಹಲಸಿಯ ಸಂಗತಿಯು ಇನ್ನೊಂದು ತೆರನಾದದ್ದು. ಕದಂಬರ ಶಾಸನಗಳಲ್ಲಿ ಪಲಾಶಿಕಾ ಎಂದು ಹೆಸರಾದ ಈ ಊರಿನ ಹೊರಗೆ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಹತ್ತಿರದ ಮಣ್ಣಿನ ದಿಬ್ಬದಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟ್ ಸಾಹೇಬರು ಓದಿ, 1877ರ ಇಂಡಿಯನ್ ಆಂಟಿಕ್ವೆರಿಯ 6ನೆಯ ಸಂಪುಟದಲ್ಲಿ ಮುದ್ರಿಸಿದರು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮರ ದತ್ತಿಗಳು ಅವುಗಳಲ್ಲಿವೆ. ಸುಮಾರು ಹದಿಮೂರು ಶತಮಾನಗಳ ವರೆಗೆ ಆ ಪಟಗಳನ್ನು ಓದಬಲ್ಲವರು ಇರಲಿಲ್ಲ. ಆದರೂ ಅಕ್ಷರಗಳು ತಾಮ್ರದ ಮೇಲೆ ಇದ್ದೇ ಇದ್ದವು. ಓದುಗನು ಹುಟ್ಟಿದೊಡನೆ ಪಟವು ಮಾತಾಡಿತು. ಬರೆಹವನ್ನು ಹೊತ್ತ ವಸ್ತುವು ಬೇರೆ, ಅದನ್ನು ಓದುವ ವಿದ್ಯೆಯು ಬೇರೆ ಎಂಬ ಈ ಭೇದವನ್ನು ಮರೆತದ್ದರಿಂದಲೇ ಇಂದು ಫಿಲ್ಮುಗಳ ವಿಷಯದಲ್ಲಿ ಬಹಳ ಅನರ್ಥವಾಗುತ್ತಿದೆ.

ಶಾಸನಗಳನ್ನು ಪ್ರತಿ ಮಾಡುವ ಕ್ರಮವು ಕೈಬರಹದಿಂದ ಆರಂಭವಾಯಿತು. ವಾಲ್ಟರ್ ಎಲಿಯಟ್ ಸಾಹೇಬರು ಬರೆಯಿಸಿಕೊಂಡ 595 ಕರ್ನಾಟಕ ಶಾಸನಗಳ ಸಂಗ್ರಹವು ಪ್ರಸಿದ್ಧವೇ ಆಗಿದೆ. ಮುಂದೆ ಮಸಿಯಚ್ಚು ಬಂದಿತು, ಗಾಜಿನ ಪಟಲದ ಛಾಯಾಚಿತ್ರವು ಬಂದಿತು, ಆ ಮೇಲೆ 35 ಮಿಲಿಮೀಟರಿನ ಫಿಲ್ಮು ಬಂದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗುಡಿಗಳನ್ನೂ ಶಿಲ್ಪಗಳನ್ನೂ ಓಲೆಗರಿಗಳನ್ನೂ ಸೆರೆಹಿಡಿದದ್ದು ಬಹುಮಟ್ಟಿಗೆ ಈ ಫಿಲ್ಮಿನ ಮೇಲೆಯೇ. ಅದರ ಚಿತ್ರವು ಜೆಲಟಿನ್ನಿನಲ್ಲಿ ಹುದುಗಿರುವದು. ಮಲಪ್ರಭೆಯು ಹುಟ್ಟುವ ಕಣಕುಂಬಿಯಂಥ ಸಹ್ಯಾದ್ರಿಯ ಸೆರಗಿನ ಊರುಗಳ ಮಳೆಗಾಲದ ತೇವದಲ್ಲಿ ಜೆಲಟಿನ್ನಿಗೆ ಬೂಷ್ಟು ಹಿಡಿಯಲು ತಡವಾಗುವದಿಲ್ಲ. ಅಸಿಟೇಟಿನ ಫಿಲ್ಮಿಗೆ ತೇವವೂ ಸೆಕೆಯೂ ಕೂಡಿದರೆ ಅದು ಒಳಗಿಂದಲೇ ಕೊಳೆತು ಹುಳಿ ವಾಸನೆಯನ್ನು ಬಿಡುವದು; ಹಾಗೆ ಹೊರಟ ಆಮ್ಲವೇ ಮುಂದಿನ ಕೊಳೆತಕ್ಕೆ ಬೀಜವಾಗುವದು. ಆದುದರಿಂದ ಫಿಲ್ಮನ್ನು ಸಂಖ್ಯಾರೂಪಕ್ಕೆ ತಂದುಕೊಳ್ಳುವ ಕೆಲಸವನ್ನು ಮುಂದೂಡುವಂತಿಲ್ಲ.

ಈ ಕೆಲಸಕ್ಕೆ ಹುಟ್ಟಿದ ಯಂತ್ರವೇ ಫಿಲ್ಮ್ ಸ್ಕ್ಯಾನರು. ಜಪಾನಿನ ನಿಕಾನ್ ಸಂಸ್ಥೆಯ ಕೂಲ್‌ಸ್ಕ್ಯಾನ್ ಎಂಬ ಶ್ರೇಣಿಯು ಇವುಗಳಲ್ಲಿ ಅಗ್ರಗಣ್ಯವು. ಬಿಸಿಯಾಗದ ಸಣ್ಣ ಎಲ್. ಇ. ಡಿ. ದೀಪಗಳಿಂದ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಒಂದಾದ ಮೇಲೊಂದರಂತೆ ಹಾಯಿಸಿ ಅದು ಫಿಲ್ಮನ್ನು ಓದುವದು. ಕೊನೆಯ ಮಾದರಿಗಳು ಒಂದು ಅಂಗುಲಕ್ಕೆ 4000 ಬಿಂದುಗಳನ್ನು ಎಣಿಸುತ್ತಿದ್ದವು. 24ಕ್ಕೆ 36 ಮಿಲಿಮೀಟರಿನ ಒಂದು ಚೌಕಟ್ಟಿನಲ್ಲಿ ಈ ಲೆಕ್ಕದಿಂದ ಎರಡು ಕೋಟಿಗಿಂತ ಹೆಚ್ಚು ಬಿಂದುಗಳು ದೊರೆಯುವವು. ಶಿಲೆಯ ಮೇಲಿನ ಒಂದು ಸವೆದ ಒತ್ತಕ್ಷರವನ್ನು ನಿರ್ಣಯಿಸುವದಕ್ಕೆ ಇಷ್ಟು ಬೇಕೇ ಬೇಕು. ಆದರೆ ಜನರು ಫಿಲ್ಮಿನ ಕ್ಯಾಮೆರಾಗಳನ್ನು ಬಿಟ್ಟೊಡನೆ ಈ ಯಂತ್ರಗಳ ಮಾರಾಟವೂ ಕುಂದಿತು. ಇನ್ನೊಂದು ಉತ್ತಮ ಶ್ರೇಣಿಯನ್ನು ಮಾಡುತ್ತಿದ್ದ ಕೋನಿಕಾ ಮಿನೋಲ್ಟಾ ಸಂಸ್ಥೆಯು 2006ರಲ್ಲಿ ಛಾಯಾಚಿತ್ರದ ವ್ಯವಹಾರವನ್ನೇ ತೊರೆಯಿತು. ನಿಕಾನಿನವರೂ ಕೆಲವು ವರ್ಷಗಳೊಳಗೆ ಕೂಲ್‌ಸ್ಕ್ಯಾನುಗಳನ್ನು ಮಾಡುವದನ್ನು ನಿಲ್ಲಿಸಿದರು.

ನಿರ್ಮಾಣವು ನಿಂತದ್ದರಿಂದ ಯಂತ್ರಗಳು ಸಾಯಲಿಲ್ಲ. ದೀಪವು ಹತ್ತುತ್ತಿತ್ತು, ಗಾಲಿಗಳು ತಿರುಗುತ್ತಿದ್ದವು. ಕಡಿದುಹೋದದ್ದು ಯಂತ್ರಕ್ಕೂ ಗಣಕಕ್ಕೂ ನಡುವಿನ ಮಾತು. ಗಣಕದ ಕಾರ್ಯಾಚರಣ ವ್ಯವಸ್ಥೆಗೆ ಸ್ಕ್ಯಾನರಿನ ಭಾಷೆಯು ನೇರವಾಗಿ ತಿಳಿಯದು; ಡ್ರೈವರ್ ಎಂಬ ದುಭಾಷಿಯು ನಡುವೆ ನಿಂತು ಇವರ ಮಾತನ್ನು ಅವರಿಗೆ ಹೇಳಬೇಕು. ನಿಕಾನ್ ಸ್ಕ್ಯಾನ್ ಎಂಬ ತಂತ್ರಾಂಶದ ಕೊನೆಯ ಆವೃತ್ತಿಯು ವಿಂಡೋಜ್ ವಿಸ್ತಾದ 32 ಬಿಟ್ಟಿನ ರೂಪದ ವರೆಗೆ ಮಾತ್ರ ಬಂದು ನಿಂತಿತು. 64 ಬಿಟ್ಟಿನ ವಿಂಡೋಜ್ ವ್ಯವಸ್ಥೆಯು 32 ಬಿಟ್ಟಿನ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವದೇ ಇಲ್ಲ. ಹೊಸ ಗಣಕವನ್ನು ಕೊಂಡ ಸಂಗ್ರಾಹಕನು ತಂತಿಯನ್ನು ಜೋಡಿಸಿ ನೋಡಿದನು. ಗುರುತು ಸಿಗದ ಸಾಧನವೆಂದು ಗಣಕವು ಹೇಳಿತು. ಯಂತ್ರವು ಕೆಟ್ಟಿತೆಂದು ಅವನು ನಂಬಿ ಭಂಗಾರಕ್ಕೆ ಹಾಕಿದನು. ದುಭಾಷಿಯು ಇಲ್ಲದ್ದಕ್ಕೆ ರಾಯಭಾರಿಯನ್ನು ಹೊರದೂಡಿದ ಹಾಗಾಯಿತು ಇದು.

ಈ ತೊಡಕನ್ನು ಬಿಡಿಸಿದ ಬಗೆಯು ಗ್ರಂಥಸಂಪಾದನೆಯನ್ನು ಬಲ್ಲವರಿಗೆ ವಿಶೇಷ ರುಚಿಕರವಾಗಿ ತೋರುವದು. ಯು. ಎಸ್. ಬಿ. ತಂತಿಯಿಂದ ಕೂಡುವ ಎಲ್. ಎಸ್. 40, ಎಲ್. ಎಸ್. 50, ಎಲ್. ಎಸ್. 5000 ಮಾದರಿಗಳಿಗೆ ಬೇಕಾದ ಮೂಲ ಡ್ರೈವರು ವಿಂಡೋಜಿನ ಒಳಗೆ ಮೊದಲಿನಿಂದಲೂ ಇತ್ತು. ನಿಕಾನಿನವರು ಕೊಡುತ್ತಿದ್ದ ಐ. ಎನ್. ಎಫ್. ಎಂಬ ಚಿಕ್ಕ ಕಡತವು ಈ ಸ್ಕ್ಯಾನರಿಗೆ ಆ ಡ್ರೈವರು ಎಂದು ಗಂಟುಹಾಕುವ ಕೆಲವೇ ಪಂಕ್ತಿಗಳ ಬರೆಹವು. ಅದರಲ್ಲಿ 64 ಬಿಟ್ಟಿನ ವ್ಯವಸ್ಥೆಯನ್ನು ಹೆಸರಿಸುವ ಭಾಗವೊಂದೇ ಇರಲಿಲ್ಲ. ಬಳಕೆದಾರರು ಆ ಕಡತವನ್ನು ತೆರೆದು, 32 ಬಿಟ್ಟಿನ ಪಾಠವನ್ನು ನೋಡಿ, ಬಿಟ್ಟುಹೋದ ಪಂಕ್ತಿಗಳನ್ನು ಸೇರಿಸಿದರು. ಸತ್ತಿತೆಂದು ತಿಳಿದ ಯಂತ್ರವು ಎದ್ದು ಕೂತಿತು. ಲುಪ್ತಪಾಠವನ್ನು ತುಂಬುವದೆಂದರೆ ಇದೇ ಅಲ್ಲವೆ! ಆದರೆ ತಿದ್ದಿದ ಕಡತಕ್ಕೆ ಸಂಸ್ಥೆಯ ಸಂಖ್ಯಾಮುದ್ರೆಯು ಇರುವದಿಲ್ಲ. ವಿಂಡೋಜ್ 8ರಿಂದ ಈಚೆಗೆ ಮುದ್ರೆಯ ತಪಾಸಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದ ಹೊರತು ಅದು ನೆಲೆಗೊಳ್ಳದು. ದಾನಶಾಸನಕ್ಕೆ ರಾಜಮುದ್ರೆಯ ಉಂಗುರವಿಲ್ಲದಿದ್ದರೆ ಅಧಿಕಾರಿಗಳು ಸಂಶಯಪಡುವಂತೆಯೇ ಇದೂ ಯುಕ್ತವಾದ ಸಂಶಯವೇ. ಆದುದರಿಂದ ಕೆಲಸವು ಮುಗಿದ ಕೂಡಲೆ ತಪಾಸಣೆಯನ್ನು ಮರಳಿ ಹಚ್ಚುವದು ಅವಶ್ಯ.

ಫೈರ್‌ವೈರ್ ತಂತಿಯ ಎಲ್. ಎಸ್. 4000, ಎಲ್. ಎಸ್. 8000, ಎಲ್. ಎಸ್. 9000 ಮಾದರಿಗಳ ಸ್ಥಿತಿಯು ಇದಕ್ಕಿಂತ ಕಠಿಣವಾದದ್ದು. ಕೊನೆಯ ಎರಡು ಮಾದರಿಗಳು ಅಗಲವಾದ 120ರ ಫಿಲ್ಮನ್ನೂ ಓದಬಲ್ಲವಾದುದರಿಂದ ಇವುಗಳ ಬೆಲೆಯು ಇಂದಿಗೂ ಇಳಿದಿಲ್ಲ. ಆದರೆ ಹೊಸ ಗಣಕಗಳಲ್ಲಿ ಆ ತಂತಿಗೆ ಕಿಂಡಿಯೇ ಇರುವದಿಲ್ಲ. ಆ್ಯಪಲ್ ಸಂಸ್ಥೆಯವರು 2011ರಲ್ಲಿ ಹಳೆಯ ಪವರ್‌ಪಿಸಿ ತಂತ್ರಾಂಶಗಳನ್ನು ನಡೆಸುವ ಸೌಕರ್ಯವನ್ನು ತೆಗೆದುಹಾಕಿದಾಗ ನಿಕಾನ್ ಸ್ಕ್ಯಾನು ಅವರ ಗಣಕಗಳಲ್ಲಿ ನಿಂತಿತು. 2025ರ ಟಾಹೊ ಆವೃತ್ತಿಯಲ್ಲಿ ಫೈರ್‌ವೈರಿನ ಆಧಾರವನ್ನೂ ಬಿಟ್ಟರು. ಹಳೆಯ ವಿಂಡೋಜನ್ನು ಹೊಸದರ ಹೊಟ್ಟೆಯೊಳಗೆ ಕಲ್ಪಿತ ಗಣಕವಾಗಿ ನಡೆಸುವ ಉಪಾಯವು ಯು. ಎಸ್. ಬಿ. ಯಂತ್ರಗಳಿಗೆ ಒಗ್ಗುವದು, ಫೈರ್‌ವೈರಿಗೆ ಸಾಮಾನ್ಯವಾಗಿ ಒಗ್ಗದು. ಇಂಥ ಯಂತ್ರವುಳ್ಳವರು ಅದರ ಜೊತೆಗಾರನಾದ ಹಳೆಯ ಗಣಕವನ್ನೂ ಕಾಯ್ದುಕೊಳ್ಳಬೇಕಾಗುವದು. ವಿಂಡೋಜ್ ಎಕ್ಸ್‌ಪಿಯ ರಕ್ಷಣೆಯು 2014ರ ಏಪ್ರಿಲ್ 8ಕ್ಕೆ ಮುಗಿದದ್ದರಿಂದ ಅದನ್ನು ಅಂತರ್ಜಾಲಕ್ಕೆ ಜೋಡಿಸದೆ ಇಡುವದು ಕ್ಷೇಮ.

ಅನ್ಯರು ಬರೆದ ದುಭಾಷಿಗಳೂ ಉಂಟು. ಅಮೇರಿಕದ ಹ್ಯಾಮ್ರಿಕ್ ಎಂಬವರು 1998ರಲ್ಲಿ ಹೊರತಂದ ವ್ಯೂಸ್ಕ್ಯಾನು ಯಂತ್ರಗಳ ನಡವಳಿಯನ್ನು ಪರೀಕ್ಷಿಸಿ ತಾನೇ ಮಾತಾಡಲು ಕಲಿತದ್ದು. ಸಾವಿರಾರು ಸ್ಕ್ಯಾನರುಗಳನ್ನು ಅದು ನಡೆಸುವದು. ಜರ್ಮನಿಯ ಸಿಲ್ವರ್‌ಫಾಸ್ಟು ಇನ್ನೊಂದು. ಲಿನಕ್ಸಿನಲ್ಲಿ ಸೇನ್ ಎಂಬ ಮುಕ್ತ ತಂತ್ರಾಂಶಕ್ಕೆ ಕೂಲ್‌ಸ್ಕ್ಯಾನುಗಳ ಸಲುವಾಗಿಯೇ ಬರೆದ ಭಾಗಗಳಿವೆ. ಇವುಗಳಲ್ಲಿ ಮೂರನೆಯದಕ್ಕೆ ಅಗ್ರಸ್ಥಾನವನ್ನು ಕೊಡಬೇಕು. ಮೊದಲಿನ ಎರಡು ತಂತಮ್ಮ ಒಡೆಯರಿದ್ದಷ್ಟು ಕಾಲ ಮಾತ್ರ ನಡೆಯುವವು. ಸೇನಿನ ಮೂಲಬರೆಹವಾದರೋ ಎಲ್ಲರ ಕಣ್ಣಿಗೂ ತೆರೆದಿರುವದು, ಆದುದರಿಂದ ಮುಂದಿನವರು ಅದನ್ನು ತಿದ್ದಿ ಮುಂದುವರಿಸಬಲ್ಲರು. ಬಳಸುವದಕ್ಕೆ ಅದು ಒರಟೆಂಬ ಆಕ್ಷೇಪವು ನಿಜವೇ ಆದರೂ ಸಣ್ಣದು.

ನಿಕಾನಿನ ಸ್ವಂತ ತಂತ್ರಾಂಶಕ್ಕಾಗಿ ಜನರು ಇಷ್ಟು ಹಂಬಲಿಸುವದಕ್ಕೆ ಮುಖ್ಯ ಕಾರಣವು ಡಿಜಿಟಲ್ ಐಸ್ ಎಂಬ ಗುಣವು. ನಾಲ್ಕನೆಯದಾಗಿ ಅವಕೆಂಪು ಕಿರಣವನ್ನು ಹಾಯಿಸಿದರೆ ಅದು ಫಿಲ್ಮಿನ ಬಣ್ಣಗಳನ್ನು ದಾಟಿಹೋಗಿ ಧೂಳಿಗೂ ಗೀರಿಗೂ ಮಾತ್ರ ತಡೆಯಲ್ಪಡುವದು. ಹಾಗೆ ದೊರೆತ ಕಲೆಗಳ ನಕ್ಷೆಯಿಂದ ಚಿತ್ರವನ್ನು ಶುದ್ಧಗೊಳಿಸುವರು. ಆದರೆ ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಚಿತ್ರವು ಬೆಳ್ಳಿಯ ಕಣಗಳಿಂದಲೇ ಆಗಿರುವದು, ಬೆಳ್ಳಿಯು ಆ ಕಿರಣವನ್ನೂ ತಡೆಯುವದು. ಅಲ್ಲಿ ಐಸಿನ ಪ್ರಯೋಗವನ್ನು ಮಾಡಿದರೆ ಯಂತ್ರವು ಅಕ್ಷರವನ್ನೇ ಕಲೆಯೆಂದು ಭ್ರಮಿಸುವದು. ಕಪ್ಪು-ಬಿಳುಪಿನ ಶಾಸನಚಿತ್ರಗಳ ಮಟ್ಟಿಗೆ ಈ ಗುಣದ ನಷ್ಟವು ನಷ್ಟವೇ ಅಲ್ಲ. ಒಂದು ಒಳ್ಳೆಯ ಕ್ಯಾಮೆರಾದಿಂದ, ಸಮನಾದ ಬೆಳಕಿನ ಹಲಿಗೆಯ ಮೇಲೆ ಫಿಲ್ಮನ್ನಿಟ್ಟು ಚಿತ್ರ ತೆಗೆದರೂ ಅವುಗಳ ಕಾರ್ಯವು ಸಾಗುವದು. ಹಲಸಿಯ ಭೂವರಾಹ ನರಸಿಂಹ ಗುಡಿಯಂಥ ಕಟ್ಟಡಗಳ ಬಣ್ಣದ ಸ್ಲೈಡುಗಳಿಗೆ, ಅದರಲ್ಲಿಯೂ ಗೀರುಬಿದ್ದವುಗಳಿಗೆ, ಕೂಲ್‌ಸ್ಕ್ಯಾನಿನ ಉಪಯೋಗವು ಹೆಚ್ಚು. ಯಂತ್ರದ ಆಯುಷ್ಯವನ್ನು ಯಾವ ಫಿಲ್ಮಿಗೆ ವ್ಯಯಿಸಬೇಕೆಂಬದನ್ನು ಈ ವಿವೇಕದಿಂದ ಮೊದಲೇ ಗೊತ್ತುಮಾಡುವದು ಮೇಲು. ಯಾಕಂದರೆ ಯಂತ್ರದೊಳಗಿನ ಕನ್ನಡಿಗೆ ಮಂಜಿನಂತೆ ಧೂಳು ಕವಿಯುವದು, ಗಾಲಿಗಳ ಜಿಡ್ಡು ಒಣಗುವದು. ಇವಕ್ಕೆ ಯಾವ ಡ್ರೈವರೂ ಔಷಧವಲ್ಲ.

ಪ್ರತಿಯನ್ನು ಇಡುವ ರೂಪದ ಬಗ್ಗೆಯೂ ಒಂದು ಮಾತು ಉಳಿದಿದೆ. ನಿಕಾನ್ ಸ್ಕ್ಯಾನು ಚಿತ್ರವನ್ನು ಎನ್. ಇ. ಎಫ್. ಎಂಬ ತನ್ನ ರೂಪದಲ್ಲಿಯೂ ಬರೆಯುವದು. ಒಡೆಯನೊಬ್ಬನ ಲಿಪಿಯಲ್ಲಿ ಬರೆದಿಟ್ಟರೆ ಸ್ಕ್ಯಾನರಿಗೆ ಬಂದ ಗತಿಯೇ ಚಿತ್ರಕ್ಕೂ ಬಂದೀತು. 1986ರಲ್ಲಿ ಆಲ್ಡಸ್ ಸಂಸ್ಥೆಯು ಪ್ರಕಟಿಸಿದ, ಬಹುಜನರ ಬಳಕೆಯಲ್ಲಿರುವ ಟಿಫ್ ರೂಪದಲ್ಲಿ, ಬಣ್ಣವೊಂದಕ್ಕೆ 16 ಬಿಟ್ಟಿನಂತೆ, ತಿದ್ದದೆ ಇಟ್ಟ ಪ್ರತಿಯೇ ಮೂಲಪ್ರತಿಯು. ಒಂದು ಚೌಕಟ್ಟಿಗೆ ಸುಮಾರು 128 ಮೆಗಾಬೈಟು ಹಿಡಿಯುವದು. ಇಂದಿನ ಸಂಗ್ರಹಸಾಧನಗಳಿಗೆ ಇದು ಭಾರವಲ್ಲ. ಕಡತದ ಹೆಸರಿನಲ್ಲಿ ಊರು, ಗುಡಿ, ಶಿಲೆಯು ನಿಂತ ಜಾಗ, ಫಿಲ್ಮಿನ ಸುರುಳಿ ಹಾಗೂ ಚೌಕಟ್ಟಿನ ಸಂಖ್ಯೆ ಇವು ಬರಬೇಕು. ನಿಕಾನಿನ ಹಳೆಯ ತಟ್ಟೆ, ತಿದ್ದಿದ ಐ. ಎನ್. ಎಫ್. ಕಡತ, ಯಂತ್ರದ ಕೈಪಿಡಿ ಇವನ್ನೂ ಅದೇ ಪೆಟ್ಟಿಗೆಯಲ್ಲಿಡತಕ್ಕದ್ದು. ಸ್ಕ್ಯಾನಾದ ಫಿಲ್ಮನ್ನಂತೂ ಎಸೆಯಲೇಬಾರದು. ಒಣಗಿದ ತಂಪು ಜಾಗದಲ್ಲಿ, ಹುಳಿ ವಾಸನೆ ಹಿಡಿದ ಸುರುಳಿಗಳನ್ನು ಬೇರ್ಪಡಿಸಿ, ಕಾಗದದ ಲಕೋಟೆಗಳಲ್ಲಿ ಅದನ್ನು ಇಡತಕ್ಕದ್ದು.