ಯಲ್ಲವ್ವ ಎಂದರೂ ಆಕೆಯೇ, ರೇಣುಕೆ ಎಂದರೂ ಆಕೆಯೇ

ಪಣಜಿಯಿಂದ ಹಳೆ ಗೋವೆಯ ಕಡೆಗೆ ಹೊರಟರೆ, ಪೋರ್ಚುಗೀಸರು 1633-34ರಲ್ಲಿ ಕಟ್ಟಿದ ಉದ್ದನೆಯ ಸೇತುವೆ ದಾಟಿದ ಮೇಲೆ ರಿಬಂದರ್ ಸಿಗುತ್ತದೆ. ಅದರ ಬೆನ್ನಿಗಿರುವ ಊರು ಚಿಂಬಲ್. 2001ರ ಜನಗಣತಿಯಲ್ಲಿ ಸುಮಾರು ಹನ್ನೆರಡು ಸಾವಿರ ಜನರಿದ್ದ ಈ ಊರಿನ ಇಂದಿರಾನಗರ ಎಂಬ ಭಾಗದಲ್ಲಿ ನಿಂತವರಿಗೆ ತಾವು ಗೋವೆಯಲ್ಲಿದ್ದೇವೆಯೋ ಬಾಗಲಕೋಟೆಯ ಸಂತೆಯಲ್ಲಿದ್ದೇವೆಯೋ ಎಂಬ ಅನುಮಾನ ಬರಬೇಕು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಂಡ ಮೇಲೆ ಅಲ್ಲಿ ರಸ್ತೆ, ಸೇತುವೆ, ಮನೆಗಳ ಕೆಲಸ ಬೆಳೆದಂತೆಲ್ಲ ಉತ್ತರ ಕರ್ನಾಟಕದ ಬರದ ಸೀಮೆಯಿಂದ ಜನ ಬಂದರು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. 2011ರ ಗಣತಿಯ ಪ್ರಕಾರ ಗೋವೆಯಲ್ಲಿ ನೂರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು ಮಂದಿಯ ತಾಯ್ನುಡಿ ಕನ್ನಡ.

ನಾನು ಅಲ್ಲಿಗೆ ಹೋದದ್ದು ಒಂದು ತೊಟ್ಟಿಲ ಕಾರ್ಯಕ್ಕೆ. ಗೌಂಡಿ ಕೆಲಸದ ಹಿರಿಯರೊಬ್ಬರ ಮನೆ. ಮೊಮ್ಮಗಳಿಗೆ ಹೆಸರಿಡುವ ದಿನ. ಗುಗ್ಗರಿ ಬೆಂದಿತ್ತು, ತೊಟ್ಟಿಲು ಕಟ್ಟಿತ್ತು, ಹೆಸರು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಅಜ್ಜಿಯ ಹಟ ಒಂದು: “ಮಂಗಳಾರ ಹುಟ್ಟೇತಿ, ಹರಕಿ ಹೊತ್ತು ಪಡದ ಕೂಸು, ಯಲ್ಲವ್ವ ಅಂತನ ಇಡಬೇಕು.” ಸೊಸೆ ಮೆಲ್ಲಗೆ ಹೇಳಿದಳು: “ಬ್ಯಾಡ ಅತ್ತಿ, ಸಾಲ್ಯಾಗ ಹುಡುಗ್ರು ಆಡಿಕೊಳ್ತಾವ. ರೇಣುಕಾ ಅಂತ ಇಡೂಣು.”

ಈ ಎರಡು ಮಾತುಗಳ ನಡುವೆ ದೊಡ್ಡದೊಂದು ಚರಿತ್ರೆಯೇ ಇದೆ. ಬೆಳಗಾವಿ ಜಿಲ್ಲೆಯ ಸವದತ್ತಿ ಒಂದು ಕಾಲಕ್ಕೆ ರಟ್ಟರ ರಾಜಧಾನಿ. ಶಾಸನಗಳಲ್ಲಿ ಅದರ ಹೆಸರು ಸುಗಂಧವರ್ತಿ. ಅದರ ಹತ್ತಿರದ ಗುಡ್ಡದ ಮೇಲೆ ಕುಳಿತವಳು ಏಳುಕೊಳ್ಳದ ಯಲ್ಲಮ್ಮ. ಹುಣ್ಣಿಮೆಗಳಲ್ಲಿ ಚಕ್ಕಡಿ ಕಟ್ಟಿಕೊಂಡು ‘ಉಧೋ ಉಧೋ’ ಎನ್ನುತ್ತ ಹೋಗುವ ಜನಸಾಗರವನ್ನು ಕಂಡವರಿಗೆ ಆ ಸೀಮೆಯಲ್ಲಿ ಯಲ್ಲಪ್ಪ, ಯಲ್ಲವ್ವ, ಪರಸಪ್ಪ ಎಂಬ ಹೆಸರುಗಳು ಯಾಕೆ ಇಷ್ಟು ಎಂದು ಬೇರೆ ಹೇಳಬೇಕಾಗಿಲ್ಲ. ಮಂಗಳವಾರ, ಶುಕ್ರವಾರ ಅವಳ ವಾರಗಳು. ಆ ದಿನ ಹುಟ್ಟಿದ ಕೂಸಿಗೂ ಹರಕೆಯ ಕೂಸಿಗೂ ಅವಳ ಹೆಸರು ಬರುವುದು ವಾಡಿಕೆ.

ಹೆಸರಿನ ಅರ್ಥವೇನು? ಭಕ್ತರ ಉತ್ತರ ಸರಳ: ಎಲ್ಲರ ಅಮ್ಮ, ಆದ್ದರಿಂದ ಎಲ್ಲಮ್ಮ. ಬಯಲುಸೀಮೆಯ ನಾಲಿಗೆಯಲ್ಲಿ ಮೊದಲ ಎಕಾರ ಯಕಾರವಾಗಿ ಯಲ್ಲಮ್ಮ. ಇನ್ನೊಂದು ವ್ಯಾಖ್ಯಾನವೂ ಇದೆ. ತಮಿಳುನಾಡಿನ ಊರಂಚಿನಲ್ಲಿ ಎಲ್ಲೈಯಮ್ಮನ್ ಇದ್ದಾಳೆ. ಎಲ್ಲೈ ಎಂದರೆ ಗಡಿ. ಕನ್ನಡದ ‘ಎಲ್ಲೆ’ಯೂ ಅದೇ, ಮಲಯಾಳದ ಹಳೆಯ ‘ಎಲ್ಲ’ವೂ ಅದೇ. ಹಾಗಾದರೆ ಇವಳು ಗಡಿಯ ತಾಯಿ. ಮೊದಲನೆಯದು ಭಕ್ತಿಯ ಅರ್ಥ, ಎರಡನೆಯದು ಭಾಷೆಯ ಅರ್ಥ ಎಂದು ನನಗೆ ತೋರುತ್ತದೆ, ಎರಡೂ ಉಳಿಯಲಿ. 1956ರಿಂದ ಎಲ್ಲೆಯ ಮೇಲೆಯೇ ಸಂಸಾರ ಮಾಡುತ್ತಿರುವ ಕಾಸರಗೋಡಿನವನಾದ ನನಗೆ ಎರಡನೆಯದರ ಮೇಲೆ ಸ್ವಲ್ಪ ಪಕ್ಷಪಾತವಿದ್ದರೆ ಓದುಗರು ಕ್ಷಮಿಸಬೇಕು.

ರೇಣುಕಾ ಎಂಬುದು ಸಂಸ್ಕೃತದ ಮಾತು. ರೇಣು ಎಂದರೆ ಧೂಳು, ಹೂವಿನ ಪರಾಗ. ಮಹಾಭಾರತದ ವನಪರ್ವದಲ್ಲಿ ಅವಳು ಪ್ರಸೇನಜಿತ್ ರಾಜನ ಮಗಳು, ಜಮದಗ್ನಿಯ ಹೆಂಡತಿ. ನೀರಿಗೆ ಹೋದಾಗ ಚಿತ್ರರಥನ ಜಲಕ್ರೀಡೆ ಕಂಡು ಅವಳ ಮನಸ್ಸು ಒಂದು ಕ್ಷಣ ಕದಲಿತು. ಗಂಡ ಮಕ್ಕಳಿಗೆ ಅವಳನ್ನು ಕೊಲ್ಲಲು ಹೇಳಿದ. ನಾಲ್ವರು ಒಲ್ಲೆನೆಂದರು, ಕಡೆಯವನಾದ ರಾಮ ಕೊಡಲಿ ಎತ್ತಿದ, ಆಮೇಲೆ ವರ ಬೇಡಿ ತಾಯಿಯನ್ನು ಬದುಕಿಸಿಕೊಂಡ. ಜಾನಪದರು ಈ ಕಥೆಯನ್ನು ಮಲಪ್ರಭೆಯ ದಂಡೆಗೆ ತಂದು ಬೆಳೆಸಿದರು. ಅವರ ರೇಣುಕೆ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ನೀರು ಹೊರುವವಳು. ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತ ಮಲಪ್ರಭೆಯ ನೀರಿಗೆ ಈಗಿನ ಹೆಸರೂ ರೇಣುಕಾಸಾಗರ.

ಯಲ್ಲಮ್ಮನೂ ರೇಣುಕೆಯೂ ಯಾವಾಗ ಒಂದಾದರೋ, ಜನಕ್ಕಂತೂ ಅವರು ಒಬ್ಬಳೇ. ಆದರೆ ಹೆಸರುಗಳಿಗೆ ಸಿಕ್ಕ ಮರ್ಯಾದೆ ಒಂದೇ ಅಲ್ಲ. ರೇಣುಕಾ ಎಂದರೆ ಕೇರಳದಲ್ಲೂ ಶಾಲೆಯ ಹಾಜರಿ ಪುಸ್ತಕಕ್ಕೆ ಒಪ್ಪುವ ಹೆಸರು. ಮುರುಗನ್ ಕಾಟ್ಟಾಕಡ ಅವರ ‘ರೇಣುಕ’ ಕವಿತೆ ಮಲಯಾಳಿಗಳ ಬಾಯಲ್ಲಿದೆ. (ಕನ್ನಡದಲ್ಲಿ ಅದು ಗಂಡಸರ ಹೆಸರೂ ಹೌದು: ವೀರಶೈವರ ರೇಣುಕಾಚಾರ್ಯರಿಂದ ಬಂದ ರೇಣುಕಪ್ಪ, ರೇಣುಕಾಪ್ರಸಾದರು ಬೇಕಾದಷ್ಟಿದ್ದಾರೆ.) ಯಲ್ಲವ್ವ ಎಂಬ ಹೆಸರಿಗೆ ಬೇರೆಯದೇ ನೆರಳು ಅಂಟಿಕೊಂಡಿತು. ಮುತ್ತು ಕಟ್ಟಿ ಬಡವರ, ಅದರಲ್ಲೂ ದಲಿತರ ಹೆಣ್ಣುಮಕ್ಕಳನ್ನು ದೇವಿಗೆ ಬಿಡುತ್ತಿದ್ದ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಕಾಯಿದೆ ತರಬೇಕಾಯಿತು. ಹೆಸರಿನಲ್ಲಿ ತಪ್ಪಿರಲಿಲ್ಲ, ಆದರೂ ಆ ಪದ್ಧತಿಯ ನೋವು ಹೆಸರಿಗೂ ತಾಗಿತು. ಚಿಂಬಲಿನ ಸೊಸೆ ‘ಹುಡುಗ್ರು ಆಡಿಕೊಳ್ತಾವ’ ಎಂದದ್ದರ ಹಿಂದೆ ಇದೆಲ್ಲ ಇತ್ತೋ, ಬರೀ ಹಳ್ಳಿಯ ಹೆಸರೆಂಬ ಸಂಕೋಚವಿತ್ತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಗೋವೆಯಲ್ಲಿ ಇನ್ನೂ ಒಂದು ಕಾರಣ ಸೇರಿಕೊಳ್ಳುತ್ತದೆ. ಘಟ್ಟದ ಮೇಲಿಂದ ಬಂದವರಿಗೆ ಅಲ್ಲಿ ‘ಘಾಟಿ’ ಎಂಬ ಹೆಸರಿದೆ. ಪ್ರೀತಿಯಿಂದ ಕರೆಯುವ ಹೆಸರಲ್ಲ. ಯಲ್ಲಪ್ಪ, ಪರಸಪ್ಪ ಎಂದೊಡನೆ ಆ ಗುರುತು ಮುಖಕ್ಕೆ ಹತ್ತುತ್ತದೆ. ವಿಚಿತ್ರವೆಂದರೆ, ಪರಸಪ್ಪನೆಂದರೆ ಪರಶುರಾಮನೇ. ಸಮುದ್ರವನ್ನು ಹಿಂದಕ್ಕೆ ಸರಿಸಿ ಕೊಂಕಣವನ್ನು ಎತ್ತಿದವನು ಅವನೆಂದು ಸಹ್ಯಾದ್ರಿಖಂಡ ಹೇಳುತ್ತದೆ. ಗುಂಡರ್ಟ್ 1843ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ‘ಕೇರಳೋಲ್ಪತ್ತಿ’ಯಲ್ಲಿ ಅದೇ ಕಥೆ ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನೆಲಕ್ಕೆ ಸಲ್ಲುತ್ತದೆ. ಗೋವೆಯವರಿಗೂ ಮಲಯಾಳಿಗಳಿಗೂ ತುಳುವರಿಗೂ ನೆಲ ಕೊಟ್ಟವನ ಹೆಸರು ಹೊತ್ತವನು ಅದೇ ನೆಲದಲ್ಲಿ ಸಿಮೆಂಟು ಕಲಸುತ್ತ ಹೊರಗಿನವನಾಗಿದ್ದಾನೆ. ಅವನ ತಾಯಿಯ ಹೆಸರು ಹೊತ್ತವಳು ತಲೆಯ ಮೇಲೆ ಬುಟ್ಟಿ ಹೊರುತ್ತಾಳೆ. ನದಿಗಳಿಗೆ ಈ ಭೇದ ಗೊತ್ತಿದ್ದಂತಿಲ್ಲ. ರಿಬಂದರಿನ ಮುಂದೆ ಹರಿಯುವ ಮಾಂಡವಿ ನಮ್ಮ ಮಹದಾಯಿ. ಅದೂ ಸವದತ್ತಿಯ ಮಲಪ್ರಭೆಯೂ ಹುಟ್ಟುವುದು ಒಂದೇ ಖಾನಾಪುರ ತಾಲೂಕಿನಲ್ಲಿ.

ಕಡೆಗೆ ಹೆಸರಿಡುವ ಹೊತ್ತು ಬಂತು. ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಿದಳು. ಸುತ್ತಲಿನ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಆ ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ. “ಯಾವ ಹೆಸರು ಹೇಳಿದೆ ತಂಗೀ?” ಎಂದೆ.

“ಎರಡೂ ಹೇಳೇನ್ರೀ ಅಣ್ಣಾರ. ಆಕೀನ ಅಲ್ಲೇನ್ರಿ ಎರಡೂ?” ಎಂದಳು.

ಜನನ ಪತ್ರದಲ್ಲಿ ರೇಣುಕಾ ಎಂದು ಬರೆಸಿದರಂತೆ. ಅಜ್ಜಿ ಮಾತ್ರ ಇಂದಿಗೂ ಕರೆಯುವುದು ‘ಯಲ್ಲೂ’ ಎಂದೇ.