ಕುಶಲವಸ್ತುಗಳ ಛಾಯಾಚಿತ್ರವೂ ಮನೆಯ ಬೆಳಕೂ

ಕೈಯಿಂದ ಮಾಡಿದ ಸಣ್ಣ ವಸ್ತುಗಳ ಸೊಗಸು ಬಹುಮಟ್ಟಿಗೆ ಮುಟ್ಟಿ ತಿಳಿಯುವಂಥದು. ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯ ಮೇಲಣ ಬಳ್ಳಿ, ಹಿತ್ತಾಳೆಯ ಕುಂಕುಮಭರಣಿಯ ಕಂಠದ ಸುತ್ತ ಎಳೆದ ಗೀರು, ದಂತದ ಬಾಚಣಿಗೆಯ ಮೇಲಣ ಹಂಸ, ಇವುಗಳ ಏರುತಗ್ಗುಗಳನ್ನು ಬೆರಳ ತುದಿ ಅರಿಯುವಷ್ಟು ಚೆನ್ನಾಗಿ ಕಣ್ಣು ಅರಿಯಲಾರದು. ಛಾಯಾಚಿತ್ರದ ಯಂತ್ರಕ್ಕಾದರೋ ಬೆರಳಿಲ್ಲ; ವಸ್ತುವಿನ ಮೇಲೆ ಬಿದ್ದು ಹಿಂದಿರುಗಿದ ಬೆಳಕಲ್ಲದೆ ಅದಕ್ಕೆ ಬೇರೆ ಪ್ರಮಾಣವಿಲ್ಲ. ಆದುದರಿಂದ ಇಂತಹ ವಸ್ತುಗಳನ್ನು ಚಿತ್ರಿಸಿದವರ ಇತಿಹಾಸವು ಯಂತ್ರಗಳ ಇತಿಹಾಸಕ್ಕಿಂತಲೂ ಹೆಚ್ಚಾಗಿ ಬೆಳಕನ್ನು ಪಳಗಿಸಿದ ಉಪಾಯಗಳ ಇತಿಹಾಸವಾಗಿದೆ. ಆ ಉಪಾಯಗಳಲ್ಲಿ ಬಹುಪಾಲು ಮನೆಯ ಸಾಮಾನುಗಳಿಂದಲೇ ಆದುವು: ಒಂದು ಕಿಟಕಿ, ಒಂದು ಬಿಳಿಯ ಪಂಚೆ, ಒಂದು ಕನ್ನಡಿ, ಒಂದು ದೀಪ.

ಛಾಯಾಚಿತ್ರ ವಿದ್ಯೆಯ ಬಾಲ್ಯದಲ್ಲಿಯೇ ಸಣ್ಣ ವಸ್ತುಗಳು ಅದರ ಮುಂದೆ ಬಂದು ಕುಳಿತುವು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬಾತನು 1844ರಿಂದ 1846ರ ವರೆಗೆ ‘ನಿಸರ್ಗದ ಲೇಖನಿ’ ಎಂಬರ್ಥದ ಹೆಸರಿನ ಗ್ರಂಥವೊಂದನ್ನು ಕಂತುಗಳಲ್ಲಿ ಪ್ರಕಟಿಸಿದನು. ಅದರ ಮೂರನೆಯ ಚಿತ್ರದಲ್ಲಿ ಪಿಂಗಾಣಿಯ ಪಾತ್ರೆಗಳನ್ನು ಹಲಗೆಗಳ ಮೇಲೆ ಸಾಲಾಗಿ ಜೋಡಿಸಿದೆ. ಈ ಪಾತ್ರೆಗಳನ್ನು ಕಳ್ಳನೊಬ್ಬನು ಅಪಹರಿಸಿದರೆ, ಈ ಚಿತ್ರವನ್ನು ಅವನಿಗೆ ಎದುರಾಗಿ ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬಹುದಲ್ಲವೆ ಎಂದು ಟಾಲ್ಬಟ್ ಅಲ್ಲಿ ಕೇಳಿದ್ದಾನೆ. ವಸ್ತು ಹೋದರೂ ಚಿತ್ರವು ಉಳಿದು ಸಾಕ್ಷಿ ನುಡಿಯಬೇಕೆಂಬ ಭಾವನೆಯು ಹೀಗೆ ಮೊದಲಿನಿಂದಲೂ ಈ ವಿದ್ಯೆಯೊಡನೆ ಬಂದಿದೆ.

ಆದರೆ ಈ ಸಾಕ್ಷಿಯು ಬಣ್ಣದ ವಿಷಯದಲ್ಲಿ ಬಹುಕಾಲ ಸುಳ್ಳನ್ನೇ ನುಡಿಯಿತು. ಅಂದಿನ ಫಲಕಗಳು ನೀಲಿ ಮತ್ತು ನೇರಳೆ ಕಿರಣಗಳನ್ನು ಗ್ರಹಿಸುತ್ತಿದ್ದುವೇ ಹೊರತು ಕೆಂಪನ್ನು ಗ್ರಹಿಸುತ್ತಿರಲಿಲ್ಲ. ಚನ್ನಪಟ್ಟಣದ ಬೊಂಬೆಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಹಾಲೆಮರದ ತುಂಡನ್ನು ತಿರುಗಿಸುತ್ತ ಅದಕ್ಕೆ ಬಣ್ಣದ ಅರಗನ್ನು ಒತ್ತಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಇಂತಹ ಕೆಂಪು ಬೊಂಬೆಯು ಹಳೆಯ ಫಲಕದಲ್ಲಿ ಕಪ್ಪಾಗಿಯೂ ನೀಲಿಯ ಬೊಂಬೆಯು ಬೆಳ್ಳಗೂ ಕಾಣುವುದು ಅನಿವಾರ್ಯವಾಗಿತ್ತು. ಬಣ್ಣದ ದ್ರವ್ಯಗಳನ್ನು ಬೆರಸಿ ಫಲಕದ ಗ್ರಹಣಶಕ್ತಿಯನ್ನು ಹೆಚ್ಚಿಸಬಹುದೆಂದು ಜರ್ಮನಿಯ ಫೋಗೆಲ್ 1873ರಲ್ಲಿ ಕಂಡುಹಿಡಿದನು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು ಅಂಗಡಿಯಲ್ಲಿ ದೊರೆತದ್ದು 1906ರಲ್ಲಿ.

ಬಣ್ಣದ ದೋಷವನ್ನು ರಸಾಯನಶಾಸ್ತ್ರವು ಪರಿಹರಿಸಿತು. ದಿಕ್ಕಿನ ಪ್ರಶ್ನೆಯನ್ನು ಚಿತ್ರ ತೆಗೆಯುವವನೇ ಪರಿಹರಿಸಿಕೊಳ್ಳಬೇಕಾಯಿತು. ಉತ್ತರದ ಕಿಟಕಿಯ ಬೆಳಕೇ ಶ್ರೇಷ್ಠವೆಂಬುದು ಯೂರೋಪಿನ ಚಿತ್ರಕಾರರ ಹಳೆಯ ನಿಯಮ. ಛಾಯಾಚಿತ್ರಗಾರರೂ ಅದನ್ನೇ ಅನುಸರಿಸಿದರು. ಅಲ್ಲಿ ಸೂರ್ಯನು ಮಧ್ಯಾಹ್ನದಲ್ಲಿ ಯಾವಾಗಲೂ ದಕ್ಷಿಣಕ್ಕಿರುವನಾದ್ದರಿಂದ ಆ ಕಿಟಕಿಯಲ್ಲಿ ಆಕಾಶದ ಮೃದುವಾದ ಬೆಳಕು ಮಾತ್ರ ಬರುತ್ತದೆ. ಬೆಂಗಳೂರಾದರೋ ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು 13 ಡಿಗ್ರಿಗಳಷ್ಟೇ ದೂರದಲ್ಲಿದೆ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲಿನ ಸೂರ್ಯನು ನಡುನೆತ್ತಿಗೆ ಬಂದು, ಅಲ್ಲಿಂದ ಉತ್ತರಕ್ಕೆ ಸರಿದು, ಮತ್ತೆ ಆಗಸ್ಟ್ 18ರ ಸುಮಾರಿಗೆ ನಡುನೆತ್ತಿಗೆ ಹಿಂದಿರುಗುತ್ತಾನೆ. ಆ ಎರಡು ದಿನಗಳಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ಮಧ್ಯಾಹ್ನದಲ್ಲಿ ನೆರಳೇ ಬೀಳದು. ನಡುವಣ ಸುಮಾರು ನಾಲ್ಕು ತಿಂಗಳು ಯಲಹಂಕದ ಮನೆಯ ಉತ್ತರದ ಕಿಟಕಿಗೂ ಬಿಸಿಲು ಬೀಳಬಹುದು. ಲಂಡನ್ನಿನ ನಿಯಮವನ್ನು ಇಲ್ಲಿ ಕಣ್ಣು ಮುಚ್ಚಿ ಅನುಸರಿಸಿದವನು ಕೆಡುವನು. ಕಿಟಕಿಗೆ ಬಿಳಿಯ ಪಂಚೆಯನ್ನು ಕಟ್ಟಿ ಬಿಸಿಲನ್ನು ಸೋಸಿಕೊಳ್ಳುವುದು ಇದಕ್ಕೆ ಸುಲಭವಾದ ಪರಿಹಾರ. ಹಳೆಯ ತೊಟ್ಟಿಮನೆಯ ಜಗಲಿಯು ಅದಕ್ಕಿಂತಲೂ ಉತ್ತಮ. ತೊಟ್ಟಿಯಿಂದ ಇಳಿದ ಬೆಳಕು ಸುಣ್ಣ ಬಳಿದ ಗೋಡೆಗಳಿಗೆ ತಾಗಿ, ಮೃದುವಾಗಿ, ಒಂದು ಪಕ್ಕದಿಂದ ವಸ್ತುವಿನ ಮೇಲೆ ಬೀಳುತ್ತದೆ.

ಪಕ್ಕದಿಂದ ಬೀಳಬೇಕೆಂಬುದಕ್ಕೆ ಕಾರಣವಿದೆ. ಕೆತ್ತನೆಯನ್ನು ಕಾಣಿಸುವುದು ಬೆಳಕಲ್ಲ, ಬೆಳಕಿನಿಂದಾದ ನೆರಳು. ಒಂದು ಮಿಲಿಮೀಟರು ಎತ್ತರದ ಅಂಚಿನ ಮೇಲೆ ದೀಪವು 60 ಡಿಗ್ರಿ ಎತ್ತರದಿಂದ ಬೆಳಗಿದರೆ ನೆರಳಿನ ಉದ್ದ ಸುಮಾರು ಅರ್ಧ ಮಿಲಿಮೀಟರು ಮಾತ್ರ. 45 ಡಿಗ್ರಿಗೆ ಇಳಿಸಿದರೆ ಒಂದು ಮಿಲಿಮೀಟರು. 15 ಡಿಗ್ರಿಗೆ ಇಳಿಸಿದರೆ ಮೂರೂಮುಕ್ಕಾಲು ಮಿಲಿಮೀಟರಿನಷ್ಟು. ಸವೆದ ನಾಣ್ಯವೂ ತಾಮ್ರಶಾಸನದ ಮುದ್ರೆಯೂ ಓರೆಯಾದ ಬೆಳಕಿನಲ್ಲಿ ಮಾತ್ರ ಬಾಯಿ ಬಿಡುವುದು ಇದರಿಂದಲೇ. ಇಲ್ಲಿ ಒಂದು ಎಚ್ಚರಿಕೆ ಬೇಕು. ಬೆಳಕು ಮೇಲಿನಿಂದಲೇ ಬರುವುದೆಂದು ನಂಬುವುದು ನಮ್ಮ ಮನಸ್ಸಿನ ಸ್ವಭಾವ. ಚಿತ್ರದ ಕೆಳಗಡೆಯಿಂದ ದೀಪವಿಟ್ಟರೆ ಕೊರೆದ ಅಕ್ಷರವು ಉಬ್ಬಿದಂತೆಯೂ ಉಬ್ಬಿದ ಆನೆಯು ಹಳ್ಳಬಿದ್ದಂತೆಯೂ ತೋರಿ ನೋಡುವವನು ಮೋಸಹೋಗುವನು. ಆದ್ದರಿಂದ ಚಿತ್ರದ ಎಡಮೇಲ್ಮೂಲೆಯಿಂದ ಬೆಳಕನ್ನು ತರುವುದೂ, ನೆರಳು ತೀರ ಕಪ್ಪಾಗದಂತೆ ಎದುರು ಪಕ್ಕದಲ್ಲಿ ಬಿಳಿಯ ಕಾಗದವನ್ನು ನಿಲ್ಲಿಸುವುದೂ ರೂಢಿಗೆ ಬಂದಿವೆ.

ಹೊಳೆಯುವ ವಸ್ತುವಿನ ಕಷ್ಟ ಬೇರೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿಯ ಪಾತ್ರೆಗಳು ಮೆರೆದುವು. ಸತುವಿಗೆ ಸ್ವಲ್ಪ ತಾಮ್ರ ಬೆರಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಎರಕವು ಕಪ್ಪಾಗಿ ಬೆಳ್ಳಿಯು ಬೆಳ್ಳಗೇ ಉಳಿಯುತ್ತದೆ. ಬೆಳ್ಳಿಯು ಮೈಗೆ ಸಮನಾಗಿ ಕೂತಿರುವುದರಿಂದ ಅಲ್ಲಿ ನೆರಳಿಗೆ ಎಡೆಯಿಲ್ಲ. ಮೇಲಾಗಿ ಅದು ಕನ್ನಡಿಯಂತೆ ದೀಪವನ್ನೂ ಚಿತ್ರ ತೆಗೆಯುವವನ ಮುಖವನ್ನೂ ತೋರುತ್ತದೆ. ಇದಕ್ಕೆ ಉಪಾಯವೆಂದರೆ ವಸ್ತುವಿನ ಸುತ್ತ ಬಿಳಿಯ ಬಟ್ಟೆಯ ಗುಡಾರವನ್ನು ಕಟ್ಟಿ ಹೊರಗಿನಿಂದ ದೀಪವಿಡುವುದು. ಆಗ ಬೆಳ್ಳಿಯು ಬಟ್ಟೆಯ ಬಿಳುಪನ್ನು ತೋರಿ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಅರಗಿನ ಬೊಂಬೆಗಳಿಗೆ ಇನ್ನೊಂದು ಮಾರ್ಗವೂ ಉಂಟು: ದೀಪದ ಮುಂದೊಂದು, ಯಂತ್ರದ ಕಣ್ಣಿನ ಮುಂದೊಂದು ಧ್ರುವೀಕರಣದ ಹಾಳೆಯನ್ನು ಪರಸ್ಪರ ಅಡ್ಡವಾಗಿಟ್ಟರೆ ಮೇಲ್ಮೈಯ ಹೊಳಪು ಅಡಗಿ ಒಳಬಣ್ಣ ಮಾತ್ರ ಉಳಿಯುತ್ತದೆ. ಬಿದರಿಗೆ ಇದು ಸಲ್ಲದು. ಹೊಳಪು ಹೋದರೆ ಬೆಳ್ಳಿಯೂ ಕಪ್ಪಾದೀತು. ಇಂತಹ ಧ್ರುವೀಕೃತ ಬೆಳಕಿನ ವಿಚಾರದಲ್ಲಿ ಲೋಕಪ್ರಸಿದ್ಧವಾದ ಸಂಶೋಧನೆಯೊಂದು ಬೆಂಗಳೂರಿನ ಉತ್ತರ ಭಾಗದಲ್ಲಿಯೇ ನಡೆಯಿತೆಂಬುದು ಸ್ಮರಣೀಯ. ಚಂದ್ರಶೇಖರ ವೆಂಕಟರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿದ್ದ ತರುಣ ವಿಜ್ಞಾನಿ ಪಂಚರತ್ನಂ ಅದನ್ನು 1956ರಲ್ಲಿ ಪ್ರಕಟಿಸಿದರು.

ಸೂರ್ಯನನ್ನು ಬಿಟ್ಟು ದೀಪವನ್ನು ಹಿಡಿದ ಕಥೆಯೂ ದೀರ್ಘವಾಗಿಲ್ಲ. 1864ರಲ್ಲಿ ಇಂಗ್ಲೆಂಡಿನಲ್ಲಿ ಮೆಗ್ನೀಸಿಯಂ ತಂತಿಯನ್ನು ಉರಿಸಿ ಛಾಯಾಚಿತ್ರ ತೆಗೆದರು. ಬೆಳಕು ಪ್ರಖರವಾಗಿತ್ತು, ಹೊಗೆಯೂ ಅಷ್ಟೇ ಇತ್ತು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ವಿದ್ಯುದ್ದೀಪವು ಮನೆಯೊಳಕ್ಕೆ ಬಂದಮೇಲೆ ಒಂದು ಮುಖ್ಯವಾದ ವ್ಯತ್ಯಾಸವಾಯಿತು. ಹಿಂದೆ ಕಿಟಕಿಯು ನಿಂತಲ್ಲೇ ನಿಂತು ವಸ್ತುವು ತಿರುಗಬೇಕಾಗಿತ್ತು; ಈಗ ವಸ್ತುವನ್ನು ನಿಲ್ಲಿಸಿ ಬೆಳಕನ್ನೇ ಸುತ್ತ ತಿರುಗಿಸಿ, ಮೆಚ್ಚಿದಲ್ಲಿ ಇಡುವುದು ಸಾಧ್ಯವಾಯಿತು.

ಈಚಿನ ದಿನಗಳಲ್ಲಿ ಯಶವಂತಪುರದಲ್ಲಾಗಲಿ ಆರ್. ಟಿ. ನಗರದಲ್ಲಾಗಲಿ ಮನೆಯಲ್ಲಿ ಕುಳಿತು ಮಣ್ಣಿನ ಒಡವೆ, ಕಸೂತಿಯ ಚೀಲಗಳನ್ನು ಮಾಡಿ ದೂರದವರಿಗೆ ಮಾರುವವರು ತಮ್ಮ ವಸ್ತುವನ್ನು ಚಿತ್ರದಲ್ಲಿಯೇ ತೋರಬೇಕಾಗಿದೆ. ಅವರಿಗೆ ರಟ್ಟಿನ ಪೆಟ್ಟಿಗೆಯೊಂದು ಸಾಕು. ಅದರ ಎರಡು ಪಕ್ಕಗಳನ್ನೂ ಮೇಲ್ಭಾಗವನ್ನೂ ಕತ್ತರಿಸಿ ತೆಳುಕಾಗದವನ್ನು ಅಂಟಿಸಿ, ಒಳಗೆ ಬಿಳಿಯ ಹಾಳೆಯೊಂದನ್ನು ಹಿಂಬದಿಯಿಂದ ಮುಂದಕ್ಕೆ ಮಡಿಕೆಯಿಲ್ಲದೆ ಬಾಗಿಸಿ ಹಾಸಿದರೆ ಗೋಡೆ ನೆಲಗಳ ಸಂದು ಕಾಣದು. ದೀಪಗಳೆರಡೂ ಒಂದೇ ಬಣ್ಣದ ಬೆಳಕಿನವಾಗಿರಬೇಕು. ಕಿಟಕಿಯ ಬೆಳಕೂ ಹಳದಿ ದೀಪವೂ ಕಲೆತರೆ ವಸ್ತುವು ಒಂದು ಕಡೆ ನೀಲಿಯಾಗಿ ಒಂದು ಕಡೆ ಹಳದಿಯಾಗಿ ತೋರುತ್ತದೆ. ಆದರೆ ಈ ಪೆಟ್ಟಿಗೆಯಲ್ಲಿ ಒಂದು ಅಪಾಯವಿದೆ. ಎಲ್ಲ ಕಡೆಯಿಂದಲೂ ಸಮನಾಗಿ ಬಂದ ಬೆಳಕು ಬೆರಳೊತ್ತಿನ ಗುರುತನ್ನೂ ಉಳಿಯ ಗೀರನ್ನೂ ಅಳಿಸಿಬಿಡುತ್ತದೆ. ಕೈಯಿಂದಾದ ವಸ್ತುವು ಅಚ್ಚಿನಿಂದ ಹೊರಬಿದ್ದುದರಂತೆ ನುಣುಪಾಗಿ ಕಾಣುತ್ತದೆ. ಯಾವ ಗುಣಕ್ಕಾಗಿ ಕೊಳ್ಳುವವನು ಬೆಲೆ ಕೊಡುವನೋ ಆ ಗುಣವೇ ಚಿತ್ರದಲ್ಲಿ ಇಲ್ಲವಾದರೆ ಸಾಕ್ಷಿಯಿಂದ ಪ್ರಯೋಜನವೇನು? ಒಂದು ಪಕ್ಕದ ದೀಪವನ್ನು ಆರಿಸಿದರೆ ಸಾಕು, ಕೈಗುರುತು ಮರಳಿ ಬರುತ್ತದೆ.

ನೆರಳಿಗೆ ಇರುವ ಈ ಬೆಲೆಯು ಒಡವೆಗೆ ಮಾತ್ರವಲ್ಲ, ಕಲ್ಲಿಗೂ ಸಲ್ಲುತ್ತದೆ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಅನೇಕ ಕಲ್ಲುಗಳು ನಗರವು ಬೆಳೆದಂತೆ ಕಾಣದಾಗಿವೆ. ಅವುಗಳ ಪಾಠವು ಮಾತ್ರ ಪುಸ್ತಕದಲ್ಲಿ ಉಳಿದಿದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆದಾಗ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ, ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಅದನ್ನು ಕಿರಣಗಳಿಂದ ಅಳೆದು ಗಣಕಯಂತ್ರದಲ್ಲಿ ಅದರ ಪ್ರತಿರೂಪವನ್ನು ನಿರ್ಮಿಸಲಾಯಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಸುತ್ತಣ ಇತರ ಶಾಸನಗಳಿಗೂ ಈ ಕಾರ್ಯವನ್ನು ವಿಸ್ತರಿಸಿತು. ಆ ಪ್ರತಿರೂಪದ ಮೇಲೆ ಬೇಕಾದ ದಿಕ್ಕಿನಿಂದ ಬೆಳಕನ್ನು ಹಾಯಿಸಿ ಮಾಸಿದ ಅಕ್ಷರವನ್ನು ಹುಡುಕಬಹುದು. ತೊಟ್ಟಿಯ ಜಗಲಿಯಲ್ಲಿ ಭರಣಿಯನ್ನು ತಿರುಗಿಸಿ ನೋಡಿದವನ ಉಪಾಯವೂ ಇದೂ ತತ್ತ್ವದಲ್ಲಿ ಒಂದೇ.

ಇಂತಹ ಕಾರ್ಯಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಅಜ್ಜಿಯ ಕಾಲದ ಅಡಕೊತ್ತು, ಅರಗು ಉದುರುತ್ತಿರುವ ಬೊಂಬೆ, ಹೆಸರು ಕೊರೆಸಿದ ತಾಮ್ರದ ತಂಬಿಗೆ, ಇವು ಇಂದಿಗೂ ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಮನೆ ಬದಲಾಯಿಸುವಾಗಲೋ ಪಾಲಾಗುವಾಗಲೋ ಅವು ಹಳೆಯ ಪಾತ್ರೆಯವನ ತಕ್ಕಡಿಗೆ ಏರುತ್ತವೆ. ಅದಕ್ಕೆ ಮೊದಲು ಅವನ್ನು ಒಂದು ಬೆಳಗ್ಗೆ ಕಿಟಕಿಯ ಬಳಿ ಇಟ್ಟು, ಪಕ್ಕದಿಂದ ಬೆಳಕು ಬೀಳಿಸಿ, ಅಳತೆಗೆ ಮಗ್ಗುಲಲ್ಲಿ ಒಂದು ಅಡಿಕೋಲನ್ನಿರಿಸಿ ಚಿತ್ರ ತೆಗೆದು, ಯಾರದು, ಯಾವ ಊರಿನದು ಎಂದು ಬರೆದಿಟ್ಟರೆ ಮುಂದಿನವರಿಗೆ ಅಷ್ಟಾದರೂ ಉಳಿಯುತ್ತದೆ.