ಬ್ಯಾಡಗಿ ಮೆಣಸಿನಕಾಯಿಯ ಪೂರ್ವೋತ್ತರ

ಪ್ರತಿವರ್ಷ ಬೇಸಗೆ ತಲೆಯೆತ್ತುವ ಹೊತ್ತಿಗೆ ಮುಂಬಯಿಯ ಲಾಲ್‌ಬಾಗಿನ ಮಿರ್ಚಿ ಗಲ್ಲಿಯನ್ನು ಸೀನದೆ ದಾಟಿದವರು ವಿರಳ. ವರ್ಷದ ಮಸಾಲೆ ಕುಟ್ಟಿಸುವ ಕಾಲ ಅದು. ಮರಾಠಿ ಗೃಹಿಣಿಯರು ಚೀಲದೊಳಗೆ ಕೈಯಿಟ್ಟು, ಒಂದು ಕಾಯಿಯನ್ನು ಮುರಿದು ಮೂಸಿ, "ಬೇಡಗಿ ಎರಡು ಕಿಲೋ, ಸಂಕೇಶ್ವರಿ ಒಂದು ಕಿಲೋ" ಎಂದು ಅಂಗಡಿಯವನಿಗೆ ಹೇಳುವುದನ್ನು ನಾವು ಎಷ್ಟೋ ಸಲ ನಿಂತು ಕೇಳಿದ್ದೇವೆ. ಬೇಡಗಿ ಎಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿ. ಸಂಕೇಶ್ವರಿ ಎಂದರೆ ಬೆಳಗಾವಿ ಜಿಲ್ಲೆಯ ಸಂಕೇಶ್ವರ. ಬಣ್ಣಕ್ಕೆ ಮೊದಲನೆಯದು, ಖಾರಕ್ಕೆ ಎರಡನೆಯದು. ಕನ್ನಡದ ಎರಡು ಊರುಗಳ ಹೆಸರನ್ನು ಈ ತಾಯಂದಿರು ಊರೆಂದು ಅರಿಯದೆಯೇ ದಿನವೂ ಉಚ್ಚರಿಸುತ್ತಾರೆ. ಮಾಲವಣಿ ಮಸಾಲೆಗೆ ಆ ಕೆಂಪು ಬೇಕೇ ಬೇಕು.

ನಾವು ಬ್ಯಾಂಕಿನಲ್ಲಿ ಕುಳಿತು ಪರರ ಲೆಕ್ಕ ಬರೆಯುವವರು. ಇತಿಹಾಸದಲ್ಲಿಯಾಗಲಿ ಸಸ್ಯಶಾಸ್ತ್ರದಲ್ಲಿಯಾಗಲಿ ಪಂಡಿತರಲ್ಲ. ಆದರೆ ನಮ್ಮ ಹುಟ್ಟೂರು ಬ್ಯಾಡಗಿಯಿಂದ ಮೂರು ಹರದಾರಿ. ರಾಜ್ಯೋತ್ಸವದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಘದ ಹಿರಿಯರು ಕೇಳಿದಾಗ, ಕವಿಗಳ ಮೇಲೆಯೂ ಅರಸರ ಮೇಲೆಯೂ ಬರೆಯಲು ಬಲ್ಲವರು ಬೇಕಾದಷ್ಟು ಜನ ಇರುವುದರಿಂದ, ನಮಗೆ ತಿಳಿದ ಮೆಣಸಿನಕಾಯಿಯನ್ನೇ ಹಿಡಿದುಕೊಂಡೆವು.

ಮೆಣಸಿನಕಾಯಿ ನಮ್ಮ ನಾಡಿನ ಮೂಲ ಬೆಳೆಯಲ್ಲ ಎಂದರೆ ನಮ್ಮ ಅವ್ವ ಇಂದಿಗೂ ನಂಬುವುದಿಲ್ಲ. "ಹಂಗಾರ ನಮ್ಮ ಹಿರ್‍ಯಾರು ರೊಟ್ಟಿ ಏನ್ ಹಚ್ಚಿಕೊಂಡು ತಿಂತಿದ್ರಪಾ?" ಎಂಬುದು ಅವಳ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಪಾಕದ ವಿಷಯವುಂಟು. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟವನ್ನು ಬಾಯಲ್ಲಿ ನೀರೂರುವಂತೆ ವಿವರಿಸಿದ್ದಾನೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನದಂತೂ 'ಸೂಪಶಾಸ್ತ್ರ'ವೆಂಬ ಇಡೀ ಗ್ರಂಥ. ಈ ಮೂರರಲ್ಲಿ ಎಲ್ಲಿ ಹುಡುಕಿದರೂ ಕೆಂಪು ಮೆಣಸಿನಕಾಯಿ ಸಿಗದು. ಖಾರ ಬೇಕಾದಲ್ಲಿ ಕರಿಮೆಣಸು, ಶುಂಠಿ, ಹಿಪ್ಪಲಿ, ಸಾಸಿವೆ. ಇವೇ ಆಗಿನ ಬಂಡವಾಳ.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೋದ ಕಡೆಯ ಜನ ಸಾವಿರಾರು ವರ್ಷಗಳಿಂದ ಅದನ್ನು ಬೆಳೆದು ತಿನ್ನುತ್ತಿದ್ದರು. 1492ರಲ್ಲಿ ಕೊಲಂಬಸನು ಹಡಗು ಹತ್ತಿದ್ದು ನಮ್ಮ ಕಡೆಯ ಕರಿಮೆಣಸಿನ ಆಸೆಯಿಂದಲೂ ಹೌದು. ದಾರಿ ತಪ್ಪಿ ಇನ್ನೆಲ್ಲಿಯೋ ಇಳಿದ ಅವನ ಜನ ಅಲ್ಲಿ ಸಿಕ್ಕ ಖಾರದ ಕಾಯಿಗೂ ಮೆಣಸಿನ ಹೆಸರನ್ನೇ ಅಂಟಿಸಿದರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅವರ ಹಡಗುಗಳಲ್ಲಿಯೇ ಈ ಕಾಯಿಯೂ ನಮ್ಮ ದಂಡೆಗೆ ಬಂದಿತು. ಮುಂಬಯಿಯ ಕಡೆ ಒಂದು ಕಾಲಕ್ಕೆ ಇದನ್ನು 'ಗೋವಾಯಿ ಮಿರ್ಚಿ' ಎಂದೇ ಕರೆಯುತ್ತಿದ್ದರೆಂದು ಹೇಳುತ್ತಾರೆ. ಗೋವೆಯಿಂದ ಘಟ್ಟ ಹತ್ತಿದರೆ ಧಾರವಾಡದ ಸೀಮೆ.

ಕನ್ನಡವೂ ಹೊಸಬನಿಗೆ ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಮೆಣಸಿನಂತೆ ಖಾರವುಳ್ಳ ಕಾಯಿ, ಆದ್ದರಿಂದ ಮೆಣಸಿನಕಾಯಿ. ಮುಂದೆ ಆದದ್ದು ತಮಾಷೆ. ಬಾಡಿಗೆಗೆ ಬಂದವನು ಮನೆಯೊಡೆಯನ ಹೆಸರನ್ನೇ ಹೊತ್ತು ಮೆರೆಯತೊಡಗಿದಾಗ, ಒಡೆಯನು ತನ್ನ ಗುರುತಿಗೆ ಬೇರೆ ವಿಶೇಷಣ ಕಟ್ಟಿಕೊಳ್ಳಬೇಕಾಯಿತು: ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು. ಮಂಗಳೂರಿನ ಕಡೆಯ ನಮ್ಮ ಸಹೋದ್ಯೋಗಿಗಳು ಬರಿದೆ 'ಮೆಣಸು' ಎಂದರೆ ಮೆಣಸಿನಕಾಯಿಯೆಂದೇ ಅರ್ಥ.

ಪುರಂದರದಾಸರು ಕಾಲವಾದದ್ದು 1564ರಲ್ಲಿ. ಮೆಣಸಿನಕಾಯಿಯನ್ನೇ ಕುರಿತ ಒಂದು ಕೀರ್ತನೆ ಅವರ ಹೆಸರಿನಲ್ಲಿದೆ. ಆಹಾರದ ಇತಿಹಾಸ ಬರೆದ ಕೆ. ಟಿ. ಅಚ್ಚಯ ಅವರೂ ಅದನ್ನು ಉಲ್ಲೇಖಿಸಿದ್ದಾರೆ. ಹಸಿರಿದ್ದದ್ದು ಕೆಂಪಾಗುವ ಬಗೆ, ಬಡವರಿಗೆ ಅದು ಆಸರೆಯಾದ ಬಗೆ, ಕಚ್ಚಿದರೆ ಆಗುವ ಫಜೀತಿ, ಎಲ್ಲವೂ ಅದರಲ್ಲಿ ಬರುತ್ತದೆ. ಅದು ದಾಸರದೇ ಆಗಿದ್ದರೆ, ಗೋವೆ ಬಿದ್ದ ಸುಮಾರು ಅರ್ಧ ಶತಮಾನದಲ್ಲಿ ಮೆಣಸಿನಕಾಯಿ ನಮ್ಮ ಬಡವರ ಮನೆ ಸೇರಿತ್ತೆಂದಾಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಕರಿಮೆಣಸು ಮಲೆನಾಡಿನ ನೆರಳಿನ ಬಳ್ಳಿ; ಬಯಲಿನವನಿಗೆ ಅದು ದುಡ್ಡು ಕೊಟ್ಟು ತರುವ ಪದಾರ್ಥ. ಮೆಣಸಿನಕಾಯಿಯೋ, ಹಿತ್ತಲಲ್ಲಿ ಚೆಲ್ಲಿದರೂ ಹುಟ್ಟುತ್ತದೆ. ಆರು ತಿಂಗಳಲ್ಲಿ ಫಲ, ಒಣಗಿಸಿದರೆ ವರ್ಷಕ್ಕಾಗುತ್ತದೆ, ಒಂದು ಕಾಯಿಯಲ್ಲಿ ಮುಂದಿನ ವರ್ಷದ ಹಿತ್ತಲಿಗೆ ಸಾಲುವಷ್ಟು ಬೀಜ.

ನಮ್ಮ ಮಟ್ಟಿಗೆ ನಿಜವಾದ ಕಥೆ ಇಲ್ಲಿಂದ ಮುಂದೆ. ಬೇರೆ ಸೀಮೆಗಳಲ್ಲಿ ಖಾರವನ್ನೇ ನೋಡಿ ಬೀಜ ಆರಿಸಿದರು. ಬ್ಯಾಡಗಿಯ ಸುತ್ತಿನ ರೈತರು ಬಣ್ಣವನ್ನು ನೋಡಿ ಆರಿಸಿದರು. ಕಡುಗೆಂಪು, ಮೈಯೆಲ್ಲ ಸುಕ್ಕು, ಖಾರ ಸೌಮ್ಯ, ಒಗ್ಗರಣೆಗೆ ಬಿದ್ದರೆ ಇಡೀ ಓಣಿಗೆ ಘಮ. ಅದರಲ್ಲಿಯೂ ಎರಡು ಜಾತಿ: ಗಿಡ್ಡಗೆ ದುಂಡಗಿರುವುದು ಡಬ್ಬಿ, ಸಪೂರವಾಗಿ ಉದ್ದಕ್ಕಿರುವುದು ಕಡ್ಡಿ. ಹೀಗೇಕೆ ಆರಿಸಿದರು ಎಂಬುದಕ್ಕೆ ಕಾಗದಪತ್ರವಿಲ್ಲ. ನಮ್ಮ ಊಹೆ ಮಾತ್ರ ಇಷ್ಟು: ಜೋಳದ ರೊಟ್ಟಿಗೆ ಹಣ್ಣುಮೆಣಸಿನಕಾಯಿಯ ರಂಜಕವನ್ನು ಧಾರಾಳವಾಗಿ ಹಚ್ಚಿಕೊಂಡು ತಿನ್ನುವ ಜನಕ್ಕೆ, ಚಿಟಿಕೆಗೇ ನಾಲಗೆ ಸುಡುವ ಕಾಯಿ ನಡೆಯುವುದಿಲ್ಲ. ತಿನ್ನುವ ಬಗೆ ಬೀಜವನ್ನು ಆರಿಸಿತು.

ಖಾರವಿರುವುದು ಬೀಜದಲ್ಲಿ ಎಂದು ನಾವೆಲ್ಲ ನಂಬಿದ್ದೇವೆ. ನಿಜವಾಗಿ ಅದು ಬೀಜವನ್ನು ಹಿಡಿದಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಅದಕ್ಕೆ ಕಾರಣವಾದ ದ್ರವ್ಯ ಕ್ಯಾಪ್ಸೈಸಿನ್. ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್. ಅಮೆರಿಕದ ವಿಲ್ಬರ್ ಸ್ಕೋವಿಲ್ ಎಂಬವರು 1912ರಲ್ಲಿ ಖಾರದ ಅಳತೆಗೆ ಒಂದು ಉಪಾಯ ಹೂಡಿದರು. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಗೊಳಿಸುತ್ತ ಹೋಗಿ, ರುಚಿ ನೋಡುವವರ ನಾಲಗೆಗೆ ಖಾರ ತಿಳಿಯದ ಹಂತವನ್ನು ಗುರುತಿಸುವುದು. ಆ ಅಳತೆಯಲ್ಲಿ ಬ್ಯಾಡಗಿ ಹಿಂದಿನ ಬೆಂಚಿನ ವಿದ್ಯಾರ್ಥಿ. ಬಣ್ಣದ ಪರೀಕ್ಷೆಯಲ್ಲಿ ಮಾತ್ರ ಮುಂದಿನ ಸಾಲಿನಲ್ಲಿ ಕೂರುತ್ತದೆ.

ಇದು ಮುಂಬಯಿಯ ಅಡಿಗೆಮನೆ ಸೇರಿದ್ದು ಆಡಳಿತದ ದಾರಿಯಿಂದ. ಬ್ಯಾಡಗಿ ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆ 1956ರ ಅಕ್ಟೋಬರ್ ಕೊನೆಯವರೆಗೂ ಮುಂಬಯಿ ಸರಕಾರದ ಕೈಕೆಳಗೇ ಇತ್ತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಧಾರವಾಡದ ಸೀಮೆಯಲ್ಲಿ ಹಳಿ ಹಾಸಿದರು. ಪುಣೆಯವರೆಗೆ ಮೀಟರ್ ಗೇಜು. ಅಲ್ಲಿಂದ ಮುಂಬಯಿಗೆ ಅಗಲ ಹಳಿ. ನವೆಂಬರ್ 1ರಂದು ನಾಡು ಒಂದಾಗಿ ಕಚೇರಿಯ ಕಾಗದಗಳು ಬೆಂಗಳೂರಿನ ಕಡೆ ಮುಖ ಮಾಡಿದರೂ, ಮೆಣಸಿನಕಾಯಿಯ ಚೀಲ ಹಳೆಯ ದಾರಿಯನ್ನು ಬಿಡಲಿಲ್ಲ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರಿಂದ ಹಿಂಡಿದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ಇಷ್ಟೆಲ್ಲ ಕೀರ್ತಿ ಬಂದ ಕಾಲದಲ್ಲಿಯೇ ಜವಾರಿ ಬೀಜ ಹೊಲ ಬಿಡತೊಡಗಿದ್ದು ವಿಚಿತ್ರ. ಎಲೆ ಮುಟುರು ರೋಗ ಅದರ ಹಳೆಯ ವೈರಿ. ಥ್ರಿಪ್ಸ್ ನುಸಿ, ಮೈಟ್ ನುಸಿ ಎರಡೂ ಸೇರಿ ಗಿಡವನ್ನು ಮುದುಡಿಸಿಬಿಡುತ್ತವೆ. ಇಳುವರಿಯೂ ಕಡಿಮೆ. ಹೆಚ್ಚು ಕಾಯಿ ಬಿಡುವ ಹೈಬ್ರಿಡ್ ತಳಿಗಳು ಬಂದಾಗ ರೈತ ಅತ್ತ ಹೋದ. ಅವನನ್ನು ದೂರುವ ಅಧಿಕಾರ ತಿಂಗಳ ಸಂಬಳ ಎಣಿಸುವ ನಮಗಿಲ್ಲ. ಬೆಲೆ ಕುಸಿದರೆ ಏನಾಗುತ್ತದೆಂಬುದನ್ನು 2024ರ ಮಾರ್ಚಿನಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿಯಿಟ್ಟಾಗ ನಾಡೆಲ್ಲ ನೋಡಿತು. ಆದರೆ ಹೈಬ್ರಿಡ್ ಬೀಜದ ಲೆಕ್ಕ ಬೇರೆ. ಅದರ ಕಾಯಿಯಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ. ಪ್ರತಿವರ್ಷ ಹೊಸದಾಗಿ ಕೊಳ್ಳಬೇಕು. ಬೀಜ ಆರಿಸುವ ಕೆಲಸ ಮನೆಯವರ ಕೈಬಿಟ್ಟು ಹೋಯಿತೆಂದರೆ, ಹತ್ತಾರು ತಲೆಮಾರು ಬರೆದುಕೊಂಡು ಬಂದ ಖಾತೆ ಅಲ್ಲಿಗೆ ಮುಗಿಯಿತು.

ಇದು ನಮಗೆ ತಿಳಿದದ್ದು ಬಾಲ್ಕನಿಯಲ್ಲಿ. ನಾಲ್ಕು ವರ್ಷಗಳ ಹಿಂದೆ ಒಂದು ಅಂಗಡಿಯಿಂದ 'ಬ್ಯಾಡಗಿ' ಎಂದು ಬರೆದಿದ್ದ ಬೀಜದ ಪೊಟ್ಟಣ ತಂದು ಬಿತ್ತಿದೆವು. ಗಿಡ ಸೊಗಸಾಗಿ ಬಂತು. ಕಾಯಿ ಮಾತ್ರ ನುಣ್ಣಗೆ, ನೆಟ್ಟಗೆ, ಅಳತೆಗೋಲಿನಂತೆ. ಊರಿಂದ ಬಂದ ಅವ್ವ ಒಂದನ್ನು ಕೈಯಲ್ಲಿ ಹಿಡಿದು, "ಇದು ನಮ್ಮದಲ್ಲ ಬಿಡು" ಎಂದಳು. ನಮ್ಮ ಹೊಲದ ಬೀಜ ತಂದುಕೊಡೆಂದರೆ, "ಈಗ ಅದನ್ನ ಯಾರ್ ಹಾಕ್ತಾರೋ ತಮ್ಮಾ? ನಿಮ್ಮಪ್ಪನೂ ಪಾಕೀಟಿನ ಬೀಜಾನೇ ತರತಾನ" ಎಂದಳು. ಓಣಿಯ ಕೊನೆಯ ಮನೆಯ ಮುದುಕಿಯೊಬ್ಬಳ ಹಿತ್ತಲಲ್ಲಿ ಮಾತ್ರ ಎರಡು ಸಾಲು ಡಬ್ಬಿ ಉಳಿದಿತ್ತು. ಮುಂದಿನ ಸಲ ಬರುವಾಗ ಅವ್ವ ಸೆರಗಿನ ತುದಿಯಷ್ಟು ಬಟ್ಟೆಯಲ್ಲಿ, ಬೂದಿ ಬೆರೆಸಿದ ಬೀಜದ ಗಂಟು ತಂದಳು.

ಮುಂಬಯಿಯ ಮಳೆ ಮೆಣಸಿನ ಸಸಿಗೆ ಆಗಿಬರದು, ಬೇರು ಕೊಳೆಯುತ್ತದೆ. ಗಣಪತಿಯನ್ನು ಕಳಿಸಿದ ಮೇಲೆ ಬಿತ್ತುವುದು ಲೇಸೆಂದು ಒಂದು ವರ್ಷ ಕೆಡಿಸಿಕೊಂಡು ಕಲಿತೆವು. 20 ಬೀಜದಲ್ಲಿ ಮೊಳೆತದ್ದು 11. ನಾಲ್ಕಾರು ಎಲೆ ಬಂದ ಮೇಲೆ, ತಳಕ್ಕೆ ತೂತು ಕೊರೆದ ಬಣ್ಣದ ಡಬ್ಬಗಳಿಗೆ ಕಿತ್ತು ನೆಟ್ಟೆವು. ಮುಟುರು ರೋಗಕ್ಕೆ ಬಾಲ್ಕನಿಯ ವಿಳಾಸವೂ ಗೊತ್ತಿತ್ತು. ಉಳಿದವು ಎರಡೇ ಗಿಡ. ಮೆಣಸಿನ ಹೂ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದಾದರೂ, ಜೇನು ಬೇರೆ ಗಿಡದ ಪರಾಗ ತಂದರೆ ಬೀಜದ ಕುಲ ಕೆಡುತ್ತದೆ. ಪಕ್ಕದ ಮನೆಯವರೂ ಯಾವುದೋ ಮೆಣಸಿನಕಾಯಿ ಬೆಳೆಸಿದ್ದರು. ಆದ್ದರಿಂದ ಕೆಲವು ಟೊಂಗೆಗಳಿಗೆ ಹಳೆಯ ಸೊಳ್ಳೆಪರದೆಯ ಚೀಲ ಹೊಲಿದು ತೊಡಿಸಿದೆವು. ನೋಡಿದವರೆಲ್ಲ ನಕ್ಕರು. ಚೀಲವಿಲ್ಲದ ಹಣ್ಣುಗಳಲ್ಲಿ ಐದನ್ನು ಬುಲ್‌ಬುಲ್ ಹಕ್ಕಿ ತಿಂದುಹೋಯಿತು. ಹಕ್ಕಿಗಳಿಗೆ ಖಾರ ತಟ್ಟುವುದಿಲ್ಲ, ಬೀಜವನ್ನು ದೂರ ಒಯ್ಯುವವರೂ ಅವರೇ.

ಒಟ್ಟು 27 ಕಾಯಿ ನಮ್ಮ ಕೈಸೇರಿದವು. ಬಿಸಿಲಿಗೆ ಹಾಕಿದ ನಾಲ್ಕನೆಯ ದಿನ ಮೈಮೇಲೆ ಸುಕ್ಕು ಕಾಣಿಸಿತು. ಪರದೆಯೊಳಗಿನ ಆರನ್ನು ಅವ್ವ ಬೀಜಕ್ಕೆಂದು ತೆಗೆದಿಟ್ಟಳು. ಉಳಿದದ್ದರಲ್ಲಿ ಎರಡು ದಿನ ಸಾರಾಯಿತು. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಮಣ್ಣಿನ ಖರ್ಚೂ ಹುಟ್ಟಲಿಲ್ಲ.

ಆ ಬೇಸಗೆಯಲ್ಲಿ ಊರಿನಿಂದ ಸುದ್ದಿ ಬಂತು: ಕೊನೆಯ ಮನೆಯ ಮುದುಕಿ ತೀರಿಕೊಂಡಳು. ಮಕ್ಕಳು ಹಿತ್ತಲನ್ನು ಸಮ ಮಾಡಿ ಟ್ರ್ಯಾಕ್ಟರ್ ನಿಲ್ಲಿಸಲು ತಗಡಿನ ಚಪ್ಪರ ಹಾಕಿದರು. ಬೀಜದ ಡಬ್ಬಿಯನ್ನು ಯಾರೂ ಕಾಣರು. ಅವ್ವ ಎರಡು ದಿನ ಹೆಚ್ಚು ಮಾತಾಡಲಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೊರಟಾಗ ನಮ್ಮ ಬಾಲ್ಕನಿಯ ಬೀಜದಲ್ಲಿ ಅರ್ಧವನ್ನು ಅದೇ ಬಟ್ಟೆಯಲ್ಲಿ ಗಂಟು ಕಟ್ಟಿ, ಬೂದಿ ಸಿಗದೆ ಊದಿನಕಡ್ಡಿಯ ಬೂದಿಯನ್ನೇ ಬೆರೆಸಿಕೊಂಡು ರೈಲು ಹತ್ತಿದಳು. ಮೊನ್ನೆ ಫೋನಿನಲ್ಲಿ, ಹಿತ್ತಲಲ್ಲಿ 9 ಗಿಡ ನಿಂತಿವೆ, ಹೂ ಹಿಡಿದಿದೆ ಎಂದಳು. ಅಪ್ಪ ದಿನಾ ಬೆಳಿಗ್ಗೆ ಹೋಗಿ ಎಲೆ ತಿರುವಿ ನೋಡುತ್ತಾನಂತೆ.

ಉಳಿದ ಅರ್ಧದಲ್ಲಿ ನಾವು ಈ ವರ್ಷ ಬಿತ್ತಿ ಮಿಕ್ಕದ್ದು ಒಂದು ಸಣ್ಣ ಸೀಸೆಯಲ್ಲಿದೆ. ಬೇಕಾದ ಸದಸ್ಯರು ಭಾನುವಾರ ಸಂಜೆ ಸಂಘದ ವಾಚನಾಲಯದಲ್ಲಿ ನಮ್ಮನ್ನು ಕಾಣಬಹುದು. ಮನೆಗೆ ಐದು ಬೀಜಕ್ಕಿಂತ ಹೆಚ್ಚು ಕೊಡಲಾರೆವು. ಕಾಯಾದ ಮೇಲೆ ಹತ್ತು ಹಿಂದಿರುಗಿಸಬೇಕು.